ವೈದ್ಯ ವಿದ್ಯಾಲಯದ ಪ್ರವೇಶ: ಅಂಕವೋ, ಹಣವೋ?

ಮುಂಗಾರು ಮಳೆಯು ಕರಾವಳಿಯನ್ನು ಮುಟ್ಟುವ ಹೊತ್ತಿಗೆ ನೀಟ್ ಪರೀಕ್ಷೆಯ ಫಲಿತಾಂಶವೂ ಬರುವುದು ಈಗ ಕೆಲವು ವರ್ಷಗಳಿಂದ ವಾಡಿಕೆಯಾಗಿದೆ. ಆ ದಿವಸ ಉಡುಪಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಊಟವು ರುಚಿಸುವುದಿಲ್ಲ. 2025ರ ದ್ವಿತೀಯ ಪಿ.ಯು. ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲನೆಯದಾಗಿ ನಿಂತ ಜಿಲ್ಲೆ ನಮ್ಮದು. ಕಾರ್ಕಳದ ಆಸುಪಾಸಿನಲ್ಲಿ ವಸತಿಸಹಿತವಾದ ಪದವಿಪೂರ್ವ ಕಾಲೇಜುಗಳು ಎದ್ದು ನಿಂತಿವೆ. ದೂರದ ಜಿಲ್ಲೆಗಳ ಮಕ್ಕಳು ಅಲ್ಲಿಗೆ ಬಂದು ಬೆಳಗಿನ ಜಾವದಿಂದ ರಾತ್ರಿ ಮಲಗುವವರೆಗೆ ಓದುತ್ತಾರೆ. ಮಣಿಪಾಲವಾದರೋ ವೈದ್ಯವಿದ್ಯೆಯಿಂದಲೇ ದೇಶವಿದೇಶಗಳಲ್ಲಿ ಹೆಸರಾದ ಊರು. ಇಂತಹ ನಾಡಿನಲ್ಲಿ, ವೈದ್ಯನಾಗಬೇಕೆಂದು ಬಯಸಿದ ಮಧ್ಯಮ ಅಂಕದ ಬಡ ಹುಡುಗನಿಗೆ ದಾರಿ ಯಾವುದು ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡಲು ನಮಗೆ ನಾಚಿಕೆಯಾಗುತ್ತದೆ.

ಕಡಿಮೆ ಅಂಕ ಪಡೆದವನು ವೈದ್ಯನಾಗಲೇಕೂಡದು ಎಂದು ಹಟ ಹಿಡಿಯುವವರ ಪಕ್ಷ ನಮ್ಮದಲ್ಲ. ಹದಿನೇಳು ಹದಿನೆಂಟು ವರ್ಷದ ಬಾಲಕನು ಒಂದು ಮಧ್ಯಾಹ್ನ ಮೂರು ಗಂಟೆಯ ಕಾಲ ಬರೆದ ಉತ್ತರಗಳಿಂದ ಅವನ ಇಡೀ ಬುದ್ಧಿಯನ್ನೂ ಶೀಲವನ್ನೂ ಅಳೆಯಬಹುದೆಂದು ನಾವು ನಂಬುವುದಿಲ್ಲ. ಕಡಿಮೆ ಅಂಕದವನಿಗೆ ವೈದ್ಯ ವಿದ್ಯಾಲಯದ ಬಾಗಿಲು ತೆರೆದಿದ್ದರೆ ಅದೇನೂ ಅನರ್ಥವಲ್ಲ. ಆ ಬಾಗಿಲು ಹಣವುಳ್ಳವನಿಗೆ ಮಾತ್ರ ತೆರೆದಿದೆಯೆಂಬುದೇ ನಮ್ಮ ಆಕ್ಷೇಪ.

ಇಬ್ಬರು ಹುಡುಗರನ್ನು ವಾಚಕರು ಊಹಿಸಿಕೊಳ್ಳಲಿ. ಒಬ್ಬನು ಕಾಪುವಿನವನು. ತಂದೆ ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋಗುವವನು, ತಾಯಿ ಬೀಡಿ ಕಟ್ಟುವವಳು. ಹುಡುಗ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ತರಬೇತಿಯ ಫೀ ಕೊಡಲಾರದೆ ತನ್ನಷ್ಟಕ್ಕೆ ತಾನೇ ಓದಿ, 720 ಅಂಕಗಳ ನೀಟ್ ಪರೀಕ್ಷೆಯಲ್ಲಿ 400 ಪಡೆದನೆನ್ನೋಣ. ಇನ್ನೊಬ್ಬನು ಪೇಟೆಯ ಅನುಕೂಲವಂತರ ಮಗ; ಎರಡು ವರ್ಷ ತರಬೇತಿ ಪಡೆದೂ ಅವನಿಗೆ ಬಂದದ್ದು 160. ಇವರಿಬ್ಬರೂ 2023ರಲ್ಲಿ ಪರೀಕ್ಷೆಗೆ ಕುಳಿತವರಾಗಿದ್ದರೆ ಏನಾಗುತ್ತಿತ್ತು? ಆ ವರ್ಷ ಸಾಮಾನ್ಯ ವರ್ಗದವರು ಅರ್ಹರೆನಿಸಿಕೊಳ್ಳಲು ಬೇಕಾಗಿದ್ದುದು 137 ಅಂಕ. ಆದುದರಿಂದ ಇಬ್ಬರೂ ಅರ್ಹರು. ಆದರೆ 400 ಅಂಕಕ್ಕೆ ಸರಕಾರಿ ದರದ ಸೀಟು ಸಿಗುವ ಸಂಭವ ತೀರ ಕಡಿಮೆ. ಕಾಪುವಿನ ಹುಡುಗನು ಬಿ.ಎಸ್ಸಿ.ಗೆ ಸೇರಿಕೊಳ್ಳುತ್ತಿದ್ದನು. 160ರವನು ದೇಶದ ಯಾವುದಾದರೊಂದು ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ, ಬೇಕಿದ್ದರೆ ಅನಿವಾಸಿ ಭಾರತೀಯರ ಪಾಲಿನ ಸೀಟಿನಲ್ಲಿ, ಬಿಳಿಯ ಅಂಗಿ ತೊಟ್ಟು ಕುಳಿತುಕೊಳ್ಳುತ್ತಿದ್ದನು. ಇದರಲ್ಲಿ ಕಾನೂನಿನ ಭಂಗ ಎಲ್ಲಿಯೂ ಆಗಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಲಂಚವಿಲ್ಲ, ಮೋಸವಿಲ್ಲ. ಎಲ್ಲವೂ ನಿಯಮದಂತೆಯೇ ನಡೆದಿದೆ.

ಈ ವಿಚಿತ್ರವು ಹೇಗೆ ಸಾಧ್ಯವಾಗುತ್ತದೆ? ಅರ್ಹತೆಯನ್ನು ನಿರ್ಣಯಿಸುವುದು ಶೇಕಡಾವಾರಿನಿಂದಲ್ಲ, ಪರ್ಸೆಂಟೈಲ್ ಎಂಬ ಲೆಕ್ಕದಿಂದ. ಐವತ್ತನೆಯ ಪರ್ಸೆಂಟೈಲ್ ಎಂದರೆ ನೂರಕ್ಕೆ ಐವತ್ತು ಅಂಕ ಪಡೆಯಬೇಕೆಂದು ನಮ್ಮ ಅನೇಕ ವಿದ್ಯಾವಂತ ಮಿತ್ರರೂ ತಿಳಿದುಕೊಂಡಿದ್ದಾರೆ. ಹಾಗಲ್ಲ. ಪರೀಕ್ಷೆ ಬರೆದವರನ್ನು ಅಂಕಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನು ಪಡೆದ ಅಂಕ, ಅಷ್ಟೆ. ಆ ನಡುವಿನವನು 2022ರಲ್ಲಿ ಪಡೆದದ್ದು 720ಕ್ಕೆ 117, ಎಂದರೆ ನೂರಕ್ಕೆ ಹದಿನಾರು ಚಿಲ್ಲರೆ. ಮೀಸಲಾತಿಯ ವರ್ಗಗಳಿಗೆ ನಲವತ್ತನೆಯ ಪರ್ಸೆಂಟೈಲ್ ಸಾಕು. ಇನ್ನು ಪಿ.ಯು. ತರಗತಿಯ ಅಂಕಗಳಿಗೆ ಬೆಲೆ ಎಷ್ಟು? ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗದವನು ನೂರಕ್ಕೆ ಐವತ್ತು, ಮೀಸಲಾತಿಯವನು ನಲವತ್ತು ಪಡೆದರೆ ಮುಗಿಯಿತು. ಆಮೇಲೆ ಅವುಗಳನ್ನು ಯಾರೂ ಕೇಳುವುದಿಲ್ಲ.

ಹೀಗೆ 2024ರಲ್ಲಿ ಸುಮಾರು ಹದಿಮೂರು ಲಕ್ಷ ಮಂದಿ ಅರ್ಹರೆನಿಸಿದರು. ಆಗ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಅವುಗಳಲ್ಲಿ ಸರಕಾರದ ಕಾಲೇಜುಗಳಲ್ಲಿದ್ದವು ಹೆಚ್ಚುಕಡಿಮೆ ಅರ್ಧ. ಒಂದು ಸೀಟಿಗೆ ಹನ್ನೊಂದು ಹನ್ನೆರಡು ಮಂದಿ ಅರ್ಹರಿರುವಾಗ, ಸಾಲಿನ ಕೊನೆಯಲ್ಲಿ ನಿಂತವನಿಗೆ ಸೀಟು ಸಿಗಬೇಕಾದರೆ ಅವನ ಮುಂದೆ ನಿಂತ ಲಕ್ಷಾಂತರ ಮಂದಿ ತಾವಾಗಿಯೇ ಪಕ್ಕಕ್ಕೆ ಸರಿಯಬೇಕು. ಅವರು ಸರಿಯುವುದೇಕೆ? ಫೀಯ ಪಟ್ಟಿಯನ್ನು ನೋಡಿ ಸರಿಯುತ್ತಾರೆ. ಸರಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಲಕ್ಷ ರೂಪಾಯಿಯ ಒಳಗೆ ಮುಗಿಯುವ ಫೀಯು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷವನ್ನು ದಾಟಿದೆ. ಅರ್ಹತೆಯ ಮಿತಿಯನ್ನು ಕೆಳಗಿಳಿಸಿ ಫೀಯ ಮಿತಿಯನ್ನು ಮೇಲೇರಿಸಿದರೆ, ನಡುವೆ ಜರಡಿಯಾಗುವುದು ಬುದ್ಧಿಯಲ್ಲ, ಜೇಬು. 2023ರಲ್ಲಿ ಸ್ನಾತಕೋತ್ತರ ವೈದ್ಯ ಶಿಕ್ಷಣದ ಸೀಟುಗಳು ಖಾಲಿ ಉಳಿದಾಗ ಅಧಿಕಾರಿಗಳು ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆಗೆ ಕುಳಿತವರೆಲ್ಲರೂ ಅರ್ಹರೆಂದು ಇದರ ಅರ್ಥ. ಫೀಯನ್ನು ಇಳಿಸಿದರೆ ಸೀಟು ತುಂಬೀತೆಂಬ ಯೋಚನೆ ಯಾರಿಗೂ ಹೊಳೆಯಲಿಲ್ಲವೆಂದು ತೋರುತ್ತದೆ.

ನೀಟ್ ಬರುವುದಕ್ಕೆ ಮುಂಚೆ ಎಲ್ಲವೂ ಸುಖವಾಗಿತ್ತೆಂದು ಹೇಳುವ ಧೈರ್ಯ ನಮಗಿಲ್ಲ. ಸೀಟುಗಳು ಮರೆಯಲ್ಲಿ ಬಿಕರಿಯಾಗುತ್ತಿದ್ದ ದಿನಗಳನ್ನು ಹಿರಿಯ ವಾಚಕರು ಮರೆತಿರಲಾರರು. ಆದರೂ ಹಿಂದಿನ ಕಥೆಯನ್ನು ಸ್ವಲ್ಪ ನೆನೆಯುವುದು ಅವಶ್ಯ. ಏಕೆಂದರೆ ಸಾಧಾರಣ ವಿದ್ಯಾರ್ಥಿಗೆ ಈ ದೇಶದಲ್ಲಿ ಬೇರೆಯ ಬಾಗಿಲೊಂದು ಒಮ್ಮೆ ಇತ್ತು.

ಅದೇ ಎಲ್.ಎಂ.ಪಿ. ಮೆಟ್ರಿಕ್ಯುಲೇಷನ್ ಮುಗಿಸಿದವನು ಮೆಡಿಕಲ್ ಸ್ಕೂಲಿನಲ್ಲಿ ಓದಿ ಲೈಸೆನ್ಸ್ ಪಡೆದು ಹಳ್ಳಿಯಲ್ಲಿ ವೈದ್ಯವೃತ್ತಿಗೆ ನಿಲ್ಲಬಹುದಾಗಿತ್ತು. ವೆಲ್ಲೂರಿನ ಇಂದಿನ ಸುಪ್ರಸಿದ್ಧ ವೈದ್ಯ ಕಾಲೇಜು 1918ರಲ್ಲಿ ಹೆಂಗಸರಿಗಾಗಿ ಆರಂಭವಾದದ್ದು ಇಂತಹ ಶಾಲೆಯಾಗಿಯೇ. ಭೋರ್ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಕೊಟ್ಟಾಗ, ದೇಶದ ದಾಖಲಾದ ವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಲೈಸೆನ್ಸಿನವರೇ ಆಗಿದ್ದರು. ದೇಶಕ್ಕೆ ಒಂದೇ ಮಟ್ಟದ ವೈದ್ಯರಿರಬೇಕೆಂಬ ಸದುದ್ದೇಶದಿಂದ ಸಮಿತಿಯು ಆ ಬಾಗಿಲನ್ನು ಮುಚ್ಚಲು ಹೇಳಿತು. ಕೆಲವು ಸದಸ್ಯರು ಭಿನ್ನಮತವನ್ನು ಬರೆದಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಒಂದು ಬಾಗಿಲನ್ನು ಮುಚ್ಚಿದ ಮೇಲೆ ಉಳಿದ ಬಾಗಿಲನ್ನು ಅಗಲ ಮಾಡಬೇಕಾಗಿತ್ತು. ಅದು ಬೇಕಾದ ವೇಗದಲ್ಲಿ ನಡೆಯಲಿಲ್ಲ.

ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ ವೈದ್ಯ ಕಾಲೇಜಿನ ಸೀಟುಗಳನ್ನು ಜಾತಿಮತಗಳ ಲೆಕ್ಕದಲ್ಲಿ ಹದಿನಾಲ್ಕರ ಗುಂಪುಗಳಾಗಿ ಹಂಚುತ್ತಿದ್ದರು. 1951ರಲ್ಲಿ ಚಂಪಕಂ ದೊರೈರಾಜನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು. ಅದರ ಬೆನ್ನಿಗೇ ಸಂವಿಧಾನದ ಮೊದಲನೆಯ ತಿದ್ದುಪಡಿ ಬಂತು. ಸ್ವತಂತ್ರ ಭಾರತದ ಸಂವಿಧಾನವು ಮೊಟ್ಟಮೊದಲು ತಿದ್ದುಪಡಿಯಾದುದಕ್ಕೆ ಒಂದು ಕಾರಣ ವೈದ್ಯ ಕಾಲೇಜಿನ ಸೀಟು! ಈ ವಸ್ತುವಿಗೆ ನಮ್ಮ ಜನರು ಕೊಟ್ಟ ಬೆಲೆ ಎಷ್ಟೆಂಬುದು ಇದರಿಂದಲೇ ತಿಳಿಯಬಹುದು.

ಇಂತಹ ಸಮಯದಲ್ಲಿಯೇ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಗಳು 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದರು. ಸರಕಾರದ ಕಡೆಗೆ ಕೈಚಾಚದೆ, ವಿದ್ಯಾರ್ಥಿಗಳ ಫೀಯಿಂದಲೇ ನಡೆಯುವ ಖಾಸಗಿ ವೈದ್ಯ ಕಾಲೇಜು ಈ ದೇಶದಲ್ಲಿ ಅದೇ ಮೊದಲನೆಯದು. ಸರಕಾರದ ಬೆರಳೆಣಿಕೆಯ ಸೀಟುಗಳಲ್ಲಿ ಜಾಗ ದೊರೆಯದ ನೂರಾರು ತರುಣರು ಇಲ್ಲಿ ವೈದ್ಯರಾದರು. ಅವರಲ್ಲಿ ಅನೇಕರು ಹೆಸರುವಾಸಿಗಳಾದರು. ಆ ಸಾಹಸವನ್ನು ಕೊಂಡಾಡುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳುವವರಲ್ಲ. ಅದೇ ಪೈಗಳು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಯ ಬಾಗಿಲಿಗೆ ಬ್ಯಾಂಕನ್ನೇ ಕಳುಹಿಸಿದವರು. ಎರಡಾಣೆಯವನೂ ಬ್ಯಾಂಕಿಗೆ ಬೇಕಾದವನು ಎಂದು ಕಂಡುಕೊಂಡ ಆ ದೃಷ್ಟಿಯು ಇಂದಿನ ವೈದ್ಯ ಶಿಕ್ಷಣದ ಫೀ ಪಟ್ಟಿಗಳಲ್ಲಿ ಕಾಣುವುದಿಲ್ಲವಲ್ಲ ಎಂಬುದೇ ನಮ್ಮ ಖೇದ. ಇದು ಒಂದೇ ಸಂಸ್ಥೆಯನ್ನು ಕುರಿತ ಮಾತಲ್ಲ. ಮಣಿಪಾಲದಂತಹ ಹೆಸರಾಂತ ಕಡೆಯಲ್ಲಿ ಸೀಟಿಗಾಗಿ ಅಂಕದ ಪೈಪೋಟಿಯೂ ಬಲವಾಗಿಯೇ ಇದೆ. ಹೆಸರಿಲ್ಲದ ಕಡೆ ಉಳಿಯುವುದು ಹಣದ ಪೈಪೋಟಿ ಮಾತ್ರ.

ಕಾನೂನಿನ ಕಥೆಯನ್ನೂ ನೋಡೋಣ. ಕರ್ನಾಟಕವು 1984ರಲ್ಲಿಯೇ ಕ್ಯಾಪಿಟೇಷನ್ ಫೀಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 1992ರಲ್ಲಿ, ತುಮಕೂರಿನ ಖಾಸಗಿ ವೈದ್ಯ ಕಾಲೇಜೊಂದಕ್ಕೆ ಸೇರಬಯಸಿದ ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬಳು ವರ್ಷಕ್ಕೆ 60,000 ರೂಪಾಯಿ ಕೊಡಲಾರದೆ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕಾಗ, ವಿದ್ಯೆಯನ್ನು ಮಾರುವುದು ಅನ್ಯಾಯವೆಂದು ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟುಗಳನ್ನು ಸರಕಾರಿ ದರದ ಸೀಟುಗಳನ್ನಾಗಿ ಮಾಡಲಾಯಿತು. ಉಳಿದರ್ಧ ಹೆಚ್ಚು ಫೀಯ ಸೀಟುಗಳು. ಎರಡಕ್ಕೂ ಅಂಕವೇ ಆಧಾರ. 1994ರಲ್ಲಿ ನಮ್ಮ ರಾಜ್ಯದ ಸಿ.ಇ.ಟಿ. ಹುಟ್ಟಿದ್ದು ಈ ವ್ಯವಸ್ಥೆಯ ಬೆನ್ನಿಗೆ. ಆ ಎಂಟು ಒಂಬತ್ತು ವರ್ಷಗಳಲ್ಲಿ ಗುಮಾಸ್ತರ, ಶಾಲಾ ಮಾಸ್ತರರ, ಸಣ್ಣ ಒಕ್ಕಲುಗಳ ಮಕ್ಕಳು ಖಾಸಗಿ ಕಾಲೇಜುಗಳ ಒಳಗೆ ತಲೆಯೆತ್ತಿ ನಡೆದರು.

2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠವು ಆ ವ್ಯವಸ್ಥೆಯನ್ನು ರದ್ದುಗೊಳಿಸಿತು. ಲಾಭಕೋರತನ ಸಲ್ಲದು, ಕ್ಯಾಪಿಟೇಷನ್ ಸಲ್ಲದು, ಆದರೆ ಫೀಯನ್ನು ಗೊತ್ತುಮಾಡುವ ಸ್ವಾತಂತ್ರ್ಯ ಸಂಸ್ಥೆಗಳಿಗೆ ಉಂಟು ಎಂಬುದು ತೀರ್ಪಿನ ತಾತ್ಪರ್ಯ. ಆ ಮೊಕದ್ದಮೆಯ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರಕಾರ. ಹೀಗೆ ದೇಶದ ವಕೀಲರೆಲ್ಲರ ಬಾಯಲ್ಲಿ ನಮ್ಮ ಊರಿನ ಹೆಸರು ನಿಂತಿತು. ಈಗ ರಾಜ್ಯ ಸರಕಾರವು ಖಾಸಗಿ ಕಾಲೇಜುಗಳೊಡನೆ ಒಪ್ಪಂದ ಮಾಡಿಕೊಂಡು ಒಂದಂಶ ಸೀಟುಗಳನ್ನು ಪಡೆಯುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನಾದರೋ ಬಹುಮಟ್ಟಿಗೆ ದಿಲ್ಲಿಯಿಂದಲೇ ಹಂಚಲಾಗುತ್ತದೆ.

ಇಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಮಾತನ್ನು ನಿಷ್ಠುರವಾಗಿಯಾದರೂ ಹೇಳಲೇಬೇಕು. ಮಣಿಪಾಲದ ಕಾಲೇಜು ಹುಟ್ಟಿದಾಗ ಅದಕ್ಕೆ ಸ್ವಂತದ ದೊಡ್ಡ ಆಸ್ಪತ್ರೆ ಇರಲಿಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯು ಬಂದದ್ದು 1961ರಲ್ಲಿ. ಅದುವರೆಗೆ ವಿದ್ಯಾರ್ಥಿಗಳು ರೋಗಿಗಳ ಮಗ್ಗುಲಲ್ಲಿ ನಿಂತು ವಿದ್ಯೆ ಕಲಿತದ್ದು ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಮಂಗಳೂರಿನ ಕಸ್ತೂರ್ಬಾ ಕಾಲೇಜಿನ ಮಕ್ಕಳು ಇಂದಿಗೂ ಅಲ್ಲಿ ಕಲಿಯುತ್ತಾರೆ. ವೆನ್ಲಾಕಿನ ಮಂಚದ ಮೇಲೆ ಮಲಗುವವರು ಯಾರು? ಕಾಪುವಿನ ಮೀನುಗಾರ, ಕಾರ್ಕಳದ ಕೂಲಿಯವಳು, ಕಾಸರಗೋಡಿನಿಂದ ಬಸ್ಸು ಹತ್ತಿ ಬಂದ ಮುದುಕ. ತಮ್ಮ ನಾಡಿಯನ್ನೂ ಎದೆಯ ಸದ್ದನ್ನೂ ಎಳೆಯ ವಿದ್ಯಾರ್ಥಿಗಳಿಗೆ ಪಾಠವಾಗಿ ಒಪ್ಪಿಸಿದವರು ಈ ಬಡವರು. ಅವರೂ ಒಂದು ಬಗೆಯಲ್ಲಿ ಆ ಕಾಲೇಜುಗಳ ಗುರುಗಳೇ. ಗುರುದಕ್ಷಿಣೆಯೆಂದು ಅವರ ಮಕ್ಕಳಿಗೆ ಏನು ಸಂದಿತು? ರಾಜ್ಯದಲ್ಲಿ ಎಲ್ಲೆಲ್ಲಿ ಸರಕಾರಿ ಆಸ್ಪತ್ರೆಯ ಮಂಚಗಳನ್ನು ಖಾಸಗಿ ಕಾಲೇಜಿನ ಪಾಠಕ್ಕೆ ಒದಗಿಸಲಾಗಿದೆಯೋ, ಅಲ್ಲೆಲ್ಲ ಅದಕ್ಕೆ ಪ್ರತಿಯಾಗಿ ಎಷ್ಟು ಸೀಟುಗಳು ಯಾವ ದರದಲ್ಲಿ ಸಾರ್ವಜನಿಕರಿಗೆ ಬಂದಿವೆಯೆಂಬ ಲೆಕ್ಕವನ್ನು ಸರಕಾರವು ವರ್ಷಂಪ್ರತಿ ಪ್ರಕಟಿಸಬೇಕೆಂದು ನಾವು ಕೇಳುತ್ತೇವೆ. ಇದು ಯಾರ ಮೇಲೆಯೂ ಆರೋಪವಲ್ಲ. ಬಾಡಿಗೆಯ ಚೀಟಿಯನ್ನು ತೋರಿಸಿರಿ ಎಂದಷ್ಟೇ ನಮ್ಮ ಕೋರಿಕೆ.

ಅಂಕವೇ ಅಳತೆಗೋಲಲ್ಲವಾದರೆ ಮತ್ತೇನು ಎಂದು ಕೇಳುವವರುಂಟು. ಬೇರೆ ಅಳತೆಗಳನ್ನು ನಮ್ಮವರು ಪ್ರಯೋಗಿಸದೆ ಇರಲಿಲ್ಲ. ಹಿಂದಿನ ಮೈಸೂರು ರಾಜ್ಯದಲ್ಲಿ ಸಂದರ್ಶನಕ್ಕೆ ಅಂಕಗಳನ್ನಿಟ್ಟಿದ್ದರು; 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಸಂದರ್ಶನದ ಅಂಕವು ಸಂದರ್ಶಕನ ಮನಸ್ಸಿನೊಳಗೆ ಇರತಕ್ಕದ್ದು. ಅಲ್ಲಿಗೆ ಪ್ರವೇಶಿಸಲು ಶಿಫಾರಸ್ಸಿಗೆ ಇರುವಷ್ಟು ದಾರಿ ಯೋಗ್ಯತೆಗೆ ಇಲ್ಲ. ವೆಲ್ಲೂರಿನವರು ಹಳ್ಳಿಯ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ಕರಾರಿನ ಮೇಲೆ ತಮ್ಮದೇ ರೀತಿಯಲ್ಲಿ ವಿದ್ಯಾರ್ಥಿಗಳನ್ನು ಆರಿಸುತ್ತಿದ್ದರು. ನೀಟ್ ಬಂದು ಆ ಪದ್ಧತಿಗೆ ಅಡ್ಡಿಯಾದಾಗ 2017ರಲ್ಲಿ ನೂರು ಸೀಟುಗಳಲ್ಲಿ ತೊಂಬತ್ತೊಂಬತ್ತನ್ನು ಖಾಲಿ ಬಿಟ್ಟರು. ಹಾಲೆಂಡಿನವರು ಬಹುಕಾಲ ವೈದ್ಯ ಶಿಕ್ಷಣದ ಸೀಟುಗಳನ್ನು ಚೀಟಿ ಎತ್ತಿ ಹಂಚಿದರು, ಹೆಚ್ಚು ಅಂಕದವನಿಗೆ ಹೆಚ್ಚು ಅವಕಾಶವಿರುವಂತೆ ಮಾತ್ರ ನೋಡಿಕೊಂಡು. ಅಮೆರಿಕೆಯಲ್ಲಿ ಪದವಿ ಮುಗಿದ ಮೇಲೆಯೇ ವೈದ್ಯ ವಿದ್ಯಾಲಯ. ಪದವಿಯಲ್ಲಿ ಹಿಂದೆ ಬಿದ್ದವನು ಒಂದೆರಡು ವರ್ಷ ವಿಜ್ಞಾನ ವಿಷಯಗಳನ್ನು ಮತ್ತೆ ಓದಿ, ತಾನು ಸುಧಾರಿಸಿದ್ದೇನೆಂದು ತೋರಿಸಿ ಪ್ರವೇಶ ಕೇಳಬಹುದು. ನಮ್ಮಲ್ಲಿ ಬಿ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ ಪಡೆದರೂ ಆ ಪದವಿಗೆ ಅಲ್ಲಿ ಬೆಲೆಯಿಲ್ಲ, ಮತ್ತೆ ನೀಟನ್ನೇ ಬರೆಯಬೇಕು. ಬರೆಯಲು ಅಡ್ಡಿಯೇನೂ ಇಲ್ಲ. 2022ರಲ್ಲಿ ವಯಸ್ಸಿನ ಮೇಲ್ಮಿತಿಯನ್ನೂ ತೆಗೆದುಹಾಕಿದ್ದಾರೆ. ಆದರೆ ಇನ್ನೊಂದು ವರ್ಷ ಮನೆಯಲ್ಲಿ ಕುಳಿತು ಓದುವುದು, ದುಡಿಯುವ ಕೈಗಾಗಿ ಕಾದಿರುವ ಮನೆಯ ಮಗನಿಗೆ ಸಾಧ್ಯವೆ?

ಇಲ್ಲಿ ಬಾಗಿಲು ಮುಚ್ಚಿದವರು ವಿದೇಶಕ್ಕೆ ಹೋಗುತ್ತಾರೆ. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬನು ಯುದ್ಧದ ಗುಂಡಿನ ದಾಳಿಗೆ ಬಲಿಯಾದನು. ಪಿ.ಯು.ವಿನಲ್ಲಿ ನೂರಕ್ಕೆ ತೊಂಬತ್ತೇಳು ಬಂದಿದ್ದರೂ ಇಲ್ಲಿ ಸೀಟು ದೊರೆಯಲಿಲ್ಲವೆಂದು ಅವನ ತಂದೆ ಹೇಳಿದ ಮಾತು ಕನ್ನಡ ನಾಡಿನ ಕಿವಿಯಲ್ಲಿ ಇನ್ನೂ ಇರಬೇಕು. ಹಾಗೆ ಹೋಗಿ ಓದಿ ಬಂದವರು ಇಲ್ಲಿ ವೃತ್ತಿ ನಡೆಸಲು ಬರೆಯಬೇಕಾದ ಪರೀಕ್ಷೆಯಲ್ಲಿ ಹಲವು ಸಲ ನಾಲ್ವರಲ್ಲಿ ಮೂವರು ಅನುತ್ತೀರ್ಣರಾಗಿದ್ದಾರೆ.

ಹಾಗಾದರೆ ಏನು ಮಾಡತಕ್ಕದ್ದು? ಮೊದಲನೆಯದಾಗಿ, ಉಡುಪಿ ಜಿಲ್ಲೆಗೆ ಒಂದು ಸರಕಾರಿ ವೈದ್ಯ ಕಾಲೇಜು ಬೇಕು. ವೈದ್ಯವಿದ್ಯೆಗೆ ಇಷ್ಟು ಹೆಸರಾದ ಈ ಜಿಲ್ಲೆಯಲ್ಲಿ ಸರಕಾರದ ಒಂದು ವೈದ್ಯ ಕಾಲೇಜೂ ಇಲ್ಲವೆಂದರೆ ಪರಸ್ಥಳದವರು ನಂಬುವುದಿಲ್ಲ. ಮಣಿಪಾಲ ಇರುವಾಗ ಇನ್ನೊಂದು ಏಕೆ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಬರುವುದುಂಟು. ಸಮುದ್ರ ಪಕ್ಕದಲ್ಲಿದೆ, ಬಾವಿ ಏಕೆ ಎಂದು ಕೇಳಿದ ಹಾಗಾಯಿತು. ಎರಡನೆಯ ಮಾತು ಸರಕಾರಿ ಶಾಲೆಯ ಮಕ್ಕಳದು. ತಮಿಳುನಾಡು 2020ರಲ್ಲಿ ಕಾಯಿದೆ ಮಾಡಿ, ಸರಕಾರಿ ಶಾಲೆಗಳಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯ ಶಿಕ್ಷಣದ ಸೀಟುಗಳಲ್ಲಿ ನೂರಕ್ಕೆ ಏಳೂವರೆಯನ್ನು ಮೀಸಲಿಟ್ಟಿತು. ನಮ್ಮಲ್ಲಿ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ ಹದಿನೈದು, ಕನ್ನಡ ಮಾಧ್ಯಮದವರಿಗೆ ನೂರಕ್ಕೆ ಐದು ಇದೆ ನಿಜ. ಆದರೆ ಹಳ್ಳಿಯ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ಜಮೀನುದಾರರ ಮಗನೂ ಗ್ರಾಮೀಣನೇ. ಸರಕಾರಿ ಶಾಲೆಯ ಮಗುವಿಗೆಂದೇ ಇಟ್ಟ ಪಾಲು ಬೇರೆ. ಅದನ್ನು ಮಾಡಲು ದಿಲ್ಲಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. 2024ರ ಜುಲೈಯಲ್ಲಿ ನೀಟ್ ಬೇಡವೆಂದು ಗೊತ್ತುವಳಿ ಮಾಡಿದ ನಮ್ಮ ವಿಧಾನಸಭೆಯು, ನೀಟ್ ಇದ್ದಾಗಲೂ ತನ್ನ ಕೈಯಲ್ಲಿಯೇ ಇರುವ ಈ ಕೆಲಸವನ್ನು ಏಕೆ ಮಾಡಲಿಲ್ಲವೆಂದು ನಮ್ಮ ಜಿಲ್ಲೆಯ ಶಾಸಕರನ್ನು ಮತದಾರರು ಕೇಳಬೇಕು.

ಇನ್ನು ಪರ್ಸೆಂಟೈಲಿನ ಮಾತು. ಅರ್ಹತೆಯ ಮಿತಿಯನ್ನು ನಿಜವಾದ ಶೇಕಡಾ ಲೆಕ್ಕದಲ್ಲಿ ಗೊತ್ತುಮಾಡಿ, ಆ ಗೆರೆಯನ್ನು ದಾಟಿದವರ ನಡುವೆ ಹಣದ ಜರಡಿ ಹಿಡಿಯದಂತೆ ಖಾಸಗಿ ಸೀಟುಗಳ ಒಂದು ಪಾಲಿಗಾದರೂ ಫೀಯನ್ನು ಸರಕಾರವೇ ತುಂಬಬೇಕು. ವೈದ್ಯನಾದ ಮೇಲೆ ಅವನಿಂದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕರಾರಿನಂತೆ ಕೆಲಸ ಮಾಡಿಸಿಕೊಳ್ಳಬಹುದು. ಬೊಕ್ಕಸಕ್ಕೆ ಭಾರವಲ್ಲವೇ ಎಂದರೆ, ಹೌದು, ಭಾರವೇ. ಮಳೆಗಾಲದ ರಾತ್ರಿಯಲ್ಲಿ ವೈದ್ಯನಿಲ್ಲದ ಊರಿನ ಬಾಣಂತಿಯನ್ನು ನಲವತ್ತು ಮೈಲಿ ಸಾಗಿಸುವ ಭಾರವನ್ನು ಈಗ ಯಾರು ಹೊರುತ್ತಿದ್ದಾರೆಂಬುದನ್ನೂ ಲೆಕ್ಕಕ್ಕೆ ಹಿಡಿಯಲಿ.

ಕೊನೆಗೆ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಮಗನ ಅಂಕ ಕಡಿಮೆ ಬಂತೆಂದು ಅಡಿಕೆ ತೋಟವನ್ನೋ ಇದ್ದ ಹತ್ತು ಸೆಂಟ್ಸ್ ಜಾಗವನ್ನೋ ಅಡವಿಟ್ಟು ದಲ್ಲಾಳಿಗಳ ಕೈಗೆ ಹಣ ಕೊಡಬೇಡಿರಿ. ಸೀಟು ಕೊಡಿಸುತ್ತೇನೆಂದು ಬರುವವನ ಹತ್ತಿರ ಕೊಡಿಸಲು ಏನೂ ಇಲ್ಲ. ಸರಕಾರಿ ಕಾಲೇಜಿರಲಿ, ಖಾಸಗಿ ಕಾಲೇಜಿರಲಿ, ಡೀಮ್ಡ್ ಇರಲಿ, ಸೀಟುಗಳೆಲ್ಲವೂ ಈಗ ನೀಟಿನ ಕ್ರಮಾಂಕದ ಮೇಲೆ ಸರಕಾರಿ ಕೌನ್ಸೆಲಿಂಗಿನಲ್ಲಿಯೇ ಹಂಚಿಕೆಯಾಗಬೇಕು. ಹುಡುಗನಿಗೆ ನಿಜವಾದ ಆಸೆಯಿದ್ದರೆ ಒಂದು ವರ್ಷ ಕಾದು ಮತ್ತೆ ಬರೆಯಲಿ. ಉಡುಪಿಯಲ್ಲಿಯೂ ಕಾರ್ಕಳದಲ್ಲಿಯೂ ಕಾಪುವಿನಲ್ಲಿಯೂ ಸರಕಾರಿ ಪದವಿಪೂರ್ವ ಕಾಲೇಜುಗಳ ಕೊಠಡಿಗಳು ಸಂಜೆ ಐದರ ಮೇಲೆ ಬೀಗ ಹಾಕಿಕೊಂಡು ಸುಮ್ಮನಿರುತ್ತವೆ. ಅವುಗಳಲ್ಲಿ ಇಂತಹ ಮಕ್ಕಳಿಗಾಗಿ ಧರ್ಮಾರ್ಥವಾಗಿ ತರಬೇತಿಯ ತರಗತಿಗಳನ್ನು ನಡೆಸಲು ಜಿಲ್ಲಾಡಳಿತವು ಒಪ್ಪುವುದಾದರೆ, ಪಾಠ ಹೇಳಲು ನಿವೃತ್ತ ಅಧ್ಯಾಪಕರನ್ನೂ ಪುಸ್ತಕಗಳಿಗೆ ದಾನಿಗಳನ್ನೂ ಹುಡುಕಿಕೊಡುವುದು ನಮ್ಮ ಊರುಗಳ ಮಹಾಜನರಿಗೆ ಕಷ್ಟವಾಗಲಾರದು. ಮುಂದಿನ ಪರೀಕ್ಷೆಗೆ ಇನ್ನೂ ಸಮಯವಿದೆ. ಬೀಗದ ಕೈ ಜಿಲ್ಲಾಧಿಕಾರಿಗಳ ಬಳಿಯಿದೆ.